ಹೆಸರಿಟ್ಟವನು

ತಪ್ಪು ಕಣ್ಣಿಗೆ ಬಿದ್ದ ಕ್ಷಣ ಜಗದೀಶನಿಗೆ ಹಬ್ಬದೂಟ ಉಂಡಷ್ಟು ಖುಷಿಯಾಯಿತು. ಪುಲಿಕೇಶಿನಗರದ ರಕ್ತಪರೀಕ್ಷೆಯ ಲ್ಯಾಬಿಗೆ ನಾಳೆ ಕೊಡಬೇಕಾದ ಸಾಫ್ಟ್‌ವೇರು ಅದು. ಒಮ್ಮೆ ಓಡಿಸಿ ನೋಡಿದರೆ, ಊಟದ ನಂತರದ ಸಕ್ಕರೆ ಪ್ರಮಾಣ ಖಾಲಿಹೊಟ್ಟೆಯ ಸಾಲಿನಲ್ಲಿ ಬಂದು ಕೂತಿತ್ತು.

ನಾಲ್ಕು ವರ್ಷದ ಹಿಂದೆ ಆ ಕೋಡನ್ನು ಬರೆದವನು ಅವನೇ. ಅದರಲ್ಲಿ ಒಂದೊಂದು ಪರೀಕ್ಷೆಯ ಅಂಕಿಗೂ ಎಕ್ಸ್-ಒನ್, ಎಕ್ಸ್-ಟೂ ಎಂದು ಅವನಿಟ್ಟ ಹೆಸರುಗಳು ಬೇರೆಯವರಿಗೆ ತಿಳಿಯದೆ ಎಲ್ಲರೂ ಅವನ ಬಳಿಗೇ ಬರಬೇಕಿತ್ತು. ಈಚೆಗೆ ಸೇರಿದ ತೇಜಶ್ರೀ, ಅವನ್ನು ತೆಗೆದು ಓದಿದರೆ ಅರ್ಥವಾಗುವ ಹೆಸರುಗಳನ್ನು ಇಡತೊಡಗಿದ ಮೇಲೆ ಅವನನ್ನು ಕೇಳುವವರೇ ಇಲ್ಲ. ಯಾರಾದರೂ ಅವಳನ್ನು ಹೊಗಳಿದರೆ ಅವನ ಹೊಟ್ಟೆಯಲ್ಲಿ ಹಸಿಮೆಣಸಿನಕಾಯಿ ಅರೆದಂತಾಗುತ್ತಿತ್ತು.

“ಸುನೀಲ್ ಸರ್, ಬನ್ನಿ ಇಲ್ಲಿ!” ಎಂದು ಮ್ಯಾನೇಜರನ್ನು ಕೂಗಿದ. “ಮೇಡಂ ನಾಮಕರಣ ಜೋರಾಗೇ ಮಾಡಿದಾರೆ. ಮಕ್ಕಳು ಮಾತ್ರ ಅದಲುಬದಲು!”

ತೇಜಶ್ರೀ ಎದ್ದು ಬಂದು ನೋಡಿದಳು. “ಸರ್, ಸೋಮವಾರ ನಿಮ್ಮನ್ನೇ ಕೇಳಿದ್ನಲ್ಲ? ಸ್ಕ್ರೀನ್ ಕೂಡ ನೋಡ್ದೆ, ಎಕ್ಸ್-ಒನ್ ಅಂದ್ರೆ ಖಾಲಿಹೊಟ್ಟೆದು ಅಂದ್ಬಿಟ್ರಿ. ಹಾಗೇ ಹೆಸರಿಟ್ಟೆ.”

ಸುನೀಲ್ ಅವನತ್ತ ತಿರುಗಿದ. “ನೀನೇ ಹೇಳಿದ್ದಾ ಗುರು? ಸರಿ, ಹೆಸರು ಬದಲಾಗ್ದೆ ಉಳಿದಿರೋ ಈ ಎಕ್ಸ್-ತ್ರೀ ಏನು? ಅದನ್ನಾದ್ರೂ ನೆಟ್ಟಗೆ ಹೇಳು.”

ಜಗದೀಶ ಕುರ್ಚಿ ಮುಂದಕ್ಕೆಳೆದ. ತಾನೇ ಇಟ್ಟ ಆ ಹೆಸರನ್ನು ಪರದೆಯ ಮೇಲೆ ಮೂರು ಸಲ ಓದಿದ. ತೇಜಶ್ರೀ ಕೀಬೋರ್ಡಿನ ಮೇಲೆ ಬೆರಳಿಟ್ಟು, ಅವನ ಮಾತಿಗಾಗಿ ಕಾಯುತ್ತ ನಿಂತಳು.

“ಗೊತ್ತಿಲ್ಲಮ್ಮ” ಎಂದ.