ಎಡಗಾಲಿನ ಚಪ್ಪಲಿ

"ಈ ಚಪ್ಪಲಿ ಎಲ್ ಸಿಕ್ತೇ ನಿಂಗೆ?" ಪ್ರತಿಮೆಯ ಮುಂದೆ ಕೂತು ಪಟಾಲಮ್ಮ ಕೇಳಿದಳು. ಏಳು ವರ್ಷದ ಹಿಂದೆ ಮನೆಬಿಟ್ಟು ಹೋದ ತನ್ನ ಅಕ್ಕನನ್ನು ಪಟಾಲಮ್ಮನ ಕಿರಿಮಗಳು ವೇದಾವತಿ ಸಿಕ್ಕ ಸಾಮಾನುಗಳಲ್ಲೇ ಕಟ್ಟಿದ್ದಳು: ಸೈಕಲ್ ಚೈನಿನ ಜಡೆ, ಬಕೆಟ್ ಹಿಡಿಯ ತೋಳು, ಎಡಗಾಲಿಗೊಂದು ಒಂಟಿ ಚಪ್ಪಲಿ.

ತಾಯಿ ಚಪ್ಪಲಿಯ ಬಾರಿನ ಮೇಲಿದ್ದ ಕೆಂಪು ಹೊಲಿಗೆಯನ್ನು ಸವರಿದಳು. "ಅವ್ಳು ಹೋದ ದಿನ ಬೆಳಗ್ಗೆ ನಾನೇ ಹೊಲ್ದಿದ್ದು ಕಣೇ. ಪಾವಗಡದ ಕಡೆ ಯಾರ್ನೋ ಕಟ್ಕೊಂಡು ಚೆಂದಾಗವ್ಳೆ ಅಂದ್ರೆ ನೀವ್ಯಾರೂ ನಂಬ್ಲಿಲ್ಲ!" ಅವಳ ಮುಖ ಅರಳಿತು. "ಬಂದೋಗವ್ಳೆ. ಹೇಳೇ, ಎಲ್ ಬಿಟ್ಟೋಗಿದ್ಲು?"

ಊರಾಚೆಯ ಪಾಳುಬಾವಿಯಿಂದ ಮೊನ್ನೆ ಎತ್ತಿ ಹಾಕಿದ್ದ ಹೂಳಿನ ಗುಡ್ಡೆಯಲ್ಲಿ ವೇದಾವತಿ ಅದನ್ನು ಆರಿಸಿಕೊಂಡಿದ್ದಳು. ಬಾವಿಯ ತಳದಲ್ಲಿ ಇನ್ನೂ ಅರ್ಧದಷ್ಟು ಹೂಳು ಹಾಗೇ ಉಳಿದಿತ್ತು.