ಲಾಂದ್ರಕ್ಕೆ ಮಣ್ಣು

"ಒಂದೇ ಒದೆ, ಆದ್ರೆ ಜೋರಾಗಿರ್ಬೇಕು. ಲಾಂದ್ರ ಹಾರಿ ಗುಂಡಿಗೆ ಬೀಳ್ಬೇಕು. ಫೋಟೋ ಪೇಪರಲ್ಲಿ ಬರತ್ತೆ," ಎಂದು ಕರೆಂಟು ಸಂಘದ ಮ್ಯಾನೇಜರ್ ಹ್ಯಾಸ್ಕೆಲ್ ಸಾಹೇಬರು ಬಿಲ್ಲಿ ಬಲ್ಬನಿಗೆ ಕಿವಿ ಇರಬೇಕಾದ ಜಾಗದಲ್ಲಿ ಬಾಯಿಟ್ಟು ಹೇಳಿದರು. "ಮಾತಾಡ್ಬೇಡ. ಏನೇ ಆದ್ರೂ ಆ ತಲೆ ತೆಗೀಬೇಡ, ಮಕ್ಕಳು ನೋಡ್ತಿರ್ತಾವೆ. ಇದೊಂದು ಸರಿಯಾಗಿ ಮಾಡು, ಸೋಮವಾರದಿಂದ ನೀನು ಲೈನ್‌ಮನ್."

ಬಿಲ್ಲಿ ಬಲ್ಬ್ ಅಂದರೆ ಕೆಂಟಕಿಯ ನಮ್ಮ ಬೆಟ್ಟಗಳಿಗೆ ಕರೆಂಟು ತಂದ ಸಹಕಾರ ಸಂಘದ ಜಾಹೀರಾತಿನ ಬೊಂಬೆ. ಗುಡಾಣದಷ್ಟು ದೊಡ್ಡ ಬಲ್ಬಿನ ತಲೆ, ಮುಖದ ತುಂಬ ನಗು, ಮಿಂಚಿನಂತೆ ಅಂಕುಡೊಂಕಾದ ಕೈಕಾಲು. "ನಾನು ದಣಿಯದ ಆಳು, ಊಟವನ್ನೂ ಕೇಳೋದಿಲ್ಲ!" ಎಂದು ಬರೆದ ಅವನ ಚಿತ್ರ ದನದ ಕೊಟ್ಟಿಗೆಯ ಬಾಗಿಲನ್ನೂ ಬಿಟ್ಟಿರಲಿಲ್ಲ. ಇವತ್ತು ಆ ಬೊಂಬೆಯ ವೇಷದೊಳಗೆ ಬೆವರುತ್ತ ನಿಂತವನು ಡೆಲ್ಮರ್. ಊಟ ಕೇಳುವ ಆಳೇ. ಇಷ್ಟು ದಿನ ಕಂಬದ ಗುಂಡಿ ತೋಡಿದವನಿಗೆ ಒಮ್ಮೆ ಕಂಬ ಹತ್ತಬೇಕೆಂಬ ಆಸೆ ಬೆಟ್ಟದಷ್ಟಿತ್ತು.

ಕರೆಂಟು ಬರುವ ದಿನ ಊರೆಲ್ಲ ಸೇರಿ ಲಾಂದ್ರಗಳಿಗೆ ಮಣ್ಣು ಕೊಡುವುದು ನಮ್ಮ ಕಡೆಯ ರೂಢಿ. ಚರ್ಚಿನ ಅಂಗಳದಲ್ಲಿ ಗುಂಡಿ ತೋಡಿ ಆಗಿತ್ತು, ಪಾದ್ರಿಯ ತಮಾಷೆಯ ಪ್ರಾರ್ಥನೆ ಮುಗಿದಿತ್ತು, ಹೆಂಗಸರು ಕರವಸ್ತ್ರ ಹಿಡಿದು ಸುಳ್ಳು ಅಳು ಅತ್ತಿದ್ದರು. ಒಂದೊಂದು ಲಾಂದ್ರ ಬಿದ್ದಾಗಲೂ ಬಿಲ್ಲಿ ಕುಣಿದ. ಕೊನೆಗೆ ಉಳಿದದ್ದು ಫೋಟೋಗೆಂದು ಇಟ್ಟ ಲಾಂದ್ರ. ಅದು ಆರ್ಫಾ ಅಜ್ಜಿಯದು, ಕಣಿವೆಯ ಅರ್ಧ ಜನರನ್ನು ಈ ಲೋಕಕ್ಕೆ ತಂದ ಸೂಲಗಿತ್ತಿಯದು.

"ಅದನ್ನಾದ್ರೂ ನೆನಪಿಗೆ ಇಟ್ಕೋ ಅಜ್ಜಿ," ಎಂದಳು ಪಾದ್ರಿಯ ಹೆಂಡತಿ.

"ನೆನಪಿಗಾ? ಇದರ ಮಸಿ ಒರೆಸೀ ಒರೆಸೀ ನನ್ನ ಉಗುರು ಸವೆದ್ಹೋಗಿದೆ. ನಿಂಗೆ ಬೇಕಾದ್ರೆ ತಗೊಂಡ್ಹೋಗವ್ವ, ಇದರ ಮುಂದೆ ಕೂತು ಸೂಜಿಗೆ ದಾರ ಪೋಣಿಸು!"

ಜನ ಗೊಳ್ಳೆಂದು ನಕ್ಕರು. ಅಜ್ಜಿ ಲಾಂದ್ರವನ್ನು ಗುಂಡಿಯ ಅಂಚಿನಲ್ಲಿಟ್ಟಳು. ಹ್ಯಾಸ್ಕೆಲ್ ಸಾಹೇಬರು ಕ್ಯಾಮೆರಾದವನಿಗೆ ಸನ್ನೆ ಮಾಡಿದರು. ಬಿಲ್ಲಿ ಕಾಲೆತ್ತಿದ. ಅಷ್ಟರಲ್ಲಿ ಅಜ್ಜಿ ಪಕ್ಕಕ್ಕೆ ಬಂದು ಅವನೊಬ್ಬನಿಗೇ ಕೇಳುವಂತೆ, "ಡೆಲ್ಮರ್," ಎಂದಳು. ಎತ್ತಿದ ಕಾಲು ಹಾಗೇ ಇಳಿಯಿತು.

"ಬಲಗಾಲು ಒಳಗೆ ಹಾಕಿ ನಡೆಯೋನು ಈ ಕಣಿವೇಲಿ ನೀನೊಬ್ನೇ. ಹುಟ್ಟೋವಾಗ ಕಾಲು ಮುಂದಾಗಿ ಬಂದಿದ್ದೆ. ಅದೇ ಕಾಲು ಹಿಡಿದು ನಿನ್ನ ಎಳೆದೋಳು ನಾನು, ಇದೇ ಲಾಂದ್ರದ ಬೆಳಕಲ್ಲಿ." ಅವಳು ಉಸಿರು ತೆಗೆದುಕೊಂಡಳು. "ನಿಂಗಿಂತ ಮೊದಲು ನಿಮ್ಮಮ್ಮಂಗೆ ಒಂದು ಹೆಣ್ಣು ಕೂಸು. ಕೊರಳಿಗೆ ಹೊಕ್ಕುಳಬಳ್ಳಿ ಸುತ್ಕೊಂಡಿತ್ತು. ಈ ಹೊಗೆ ಬೆಳಕಲ್ಲಿ ನಂಗೆ ಕಾಣ್ಲಿಲ್ಲ ಕಣೋ."

ಹೊರಗೆ ಬೊಂಬೆ ನಗುತ್ತಲೇ ಇತ್ತು. ಒಳಗೆ ಡೆಲ್ಮರನ ಕಣ್ಣು ತುಂಬಿತು. ಅಕ್ಕ ಒಬ್ಬಳು ಹುಟ್ಟುತ್ತಲೇ ತೀರಿಹೋದಳೆಂದು ಅಮ್ಮ ಹೇಳಿದ್ದಳು. ಆ ಕೂಸನ್ನು ಅಜ್ಜಿ ಇಷ್ಟು ವರ್ಷ ಮನಸ್ಸಿನಲ್ಲಿ ಹೊತ್ತು ತಿರುಗಿದ್ದಾಳೆಂದು ಯಾರೂ ಹೇಳಿರಲಿಲ್ಲ. ತಾನು ಉಸಿರಾಡುತ್ತಿರುವುದು ಈ ಮುದುಕಿಯ ಕೈಯ ಋಣ ಎಂದು ಅವನಿಗೆ ಮೊದಲ ಸಲ ಅನ್ನಿಸಿತು.

ಅಜ್ಜಿ ಬಲ್ಬಿನ ಕೆನ್ನೆ ಸವರಿದಳು. "ತಡವಾಗಿ ಬಂದೆಯಪ್ಪ ಬಿಲ್ಲಿ. ಆದ್ರೂ ಬಂದೆಯಲ್ಲ, ನಿನ್ನ ಹೊಟ್ಟೆ ತಣ್ಣಗಿರ್ಲಿ. ಇನ್ನು ಬರೋ ಕೂಸುಗಳು ನಂಗೆ ಕಾಣ್ತಾವೆ." ಆಮೇಲೆ ದನಿ ಇಳಿಸಿದಳು. "ಇದನ್ನ ಒದೀಬೇಡ ಮಗಾ. ಪಾಪ, ಕೈಲಾದಷ್ಟು ಮಾಡ್ತು. ಮಲಗಿಸು."

"ಒದಿಯೋ! ಬೆಳಕು ಹೋಗ್ತಿದೆ!" ಎಂದು ಹ್ಯಾಸ್ಕೆಲ್ ಸಾಹೇಬರು ಕೂಗಿದರು.

ಬಿಲ್ಲಿ ಬಲ್ಬ್ ಮಂಡಿಯೂರಿದ. ಲಾಂದ್ರವನ್ನು ಎರಡೂ ಕೈಯಲ್ಲಿ ಎತ್ತಿ, ಗಾಜು ಒಡೆಯದಂತೆ ಗುಂಡಿಯೊಳಗೆ ಇಳಿಸಿ, ಮೊದಲ ಹಿಡಿ ಮಣ್ಣು ಹಾಕಿದ. ಕ್ಯಾಮೆರಾದವನು ಏನು ತೆಗೆಯಬೇಕೆಂದು ತಿಳಿಯದೆ ನಿಂತ.

"ಸೋಮವಾರ ಗುದ್ದಲಿ ತಗೊಂಡೇ ಬಾ," ಎಂದು ಸಾಹೇಬರು ಹಲ್ಲು ಕಚ್ಚಿ, ಹೋಗಿ ಸ್ವಿಚ್ಚು ಒತ್ತಿದರು.

ಚರ್ಚಿನ ಬಾಗಿಲ ಮೇಲೆ ಬಲ್ಬು ಹತ್ತಿಕೊಂಡಿತು. ಎಲ್ಲರೂ ಹೋ ಎಂದು ಕೂಗಿದರು. ಅಜ್ಜಿ ಮಾತ್ರ ಕೂಗದೆ, ಬಿಲ್ಲಿಯ ಕೈ ಹಿಡಿದು ಆ ಬಲ್ಬಿನ ಕೆಳಗೆ ಎಳೆದುಕೊಂಡು ಬಂದಳು.

"ತೆಗಿ ಆ ಮಂಡೆ."

"ತೆಗೀಬಾರ್ದಜ್ಜಿ, ಬೈತಾರೆ."

"ಗುದ್ದಲಿ ಕೊಟ್ಟಾಯ್ತಲ್ಲ, ಇನ್ನೇನು ಕಿತ್ಕೊಳ್ತಾರೆ? ಹುಟ್ಟಿದ ದಿನ ನಿನ್ನ ಮುಖ ನಂಗೆ ಸರಿಯಾಗಿ ಕಾಣ್ಲಿಲ್ಲ. ಈಗಾದ್ರೂ ನೋಡ್ತೀನಿ."

ಡೆಲ್ಮರ್ ಎರಡೂ ಕೈಯಿಂದ ಬಲ್ಬಿನ ತಲೆಯನ್ನು ಎತ್ತಿ ಕೆಳಗಿಟ್ಟ. ಬೆವರಿಗೆ ಕೂದಲು ಹಣೆಗೆ ಅಂಟಿತ್ತು, ಕಣ್ಣು ಬೆಳಕಿಗೆ ಮುಚ್ಚಿಕೊಂಡಿತ್ತು. ಅಜ್ಜಿ ಅವನ ಗಲ್ಲ ಹಿಡಿದು ಮುಖವನ್ನು ಆ ಕಡೆ ತಿರುಗಿಸಿದಳು, ಈ ಕಡೆ ತಿರುಗಿಸಿದಳು, ಕಿವಿಯ ಹಿಂದೆ ಒರೆಸಿದಳು. ಆಮೇಲೆ ಸುತ್ತ ನೆರೆದಿದ್ದ ಜನರ ಕಡೆ ತಿರುಗಿ ಹೇಳಿದಳು:

"ಗಂಡು ಮಗು. ಚೆನ್ನಾಗಿದೆ."