ಚಾಚಿದ ಅಂಗೈ

ಮಾಸ್ಕು ಕಟ್ಟಿಕೊಂಡು, ಫ್ಯಾನು ಆರಿಸಿ, ಬುನ್ಲೂಯೆ ಎರಡೂ ಅಂಗೈ ಚಾಚಿ ನಿಂತುಬಿಟ್ಟ. ಅವನ ಮೂತ್ರಪಿಂಡ ಕೆಟ್ಟಂದಿನಿಂದ, ಹೊಟ್ಟೆಯ ನಳಿಗೆಗೆ ಔಷಧಿನೀರಿನ ಚೀಲ ಜೋಡಿಸುವ ಮುಂಚೆ ಆ ಕೈಗಳಿಗೆ ಶುದ್ಧಿಯ ದ್ರವ ಹಾಕುತ್ತಿದ್ದವಳು ಹೆಂಡತಿ ಸಾಯ್‌ಪಿನ್. ಅವಳ ಚಿತೆ ಆರಿ ವಾರವಾಗಿತ್ತು.

ಅಂದಿನಿಂದ ದಿನವೂ ಬಂದು ಕೂರುತ್ತಿದ್ದ ಊರಿನ ಆರೋಗ್ಯ ಸೇವಕಿ ವಿಲಾವನ್ ಚಾಪೆಯಿಂದ ಅರ್ಧ ಎದ್ದಳು. ಬಾಟಲಿಯತ್ತ ನೀಡಿದ ಕೈಯನ್ನು ಹಾಗೆಯೇ ಹಿಂದಕ್ಕೆಳೆದುಕೊಂಡಳು. ಉಚಿತ ಚಿಕಿತ್ಸೆಯ ಚಿನ್ನದ ಕಾರ್ಡು ಇದ್ದವರಿಗೆ ಸರ್ಕಾರ ಚೀಲಗಳನ್ನು ಬಿಟ್ಟಿಯಾಗಿ ಮನೆ ಬಾಗಿಲಿಗೇ ಕಳಿಸುತ್ತಿತ್ತು. ಆದರೆ ಇವನೊಬ್ಬನೇ ಹಾಕಿಕೊಳ್ಳಬಲ್ಲ ಎಂದು ಅವಳು ಇವತ್ತು ಆಸ್ಪತ್ರೆಗೆ ಹೇಳದಿದ್ದರೆ, ಅವನು ಊರು ಬಿಟ್ಟು ಬ್ಯಾಂಕಾಕಿನಲ್ಲಿದ್ದ ತಂಗಿಯ ಮಗನ ಮನೆ ಸೇರಬೇಕಿತ್ತು.

"ಏನ್ ಮಾವ, ಹರಸೋರಿಂದ ಕೈಗೆ ನೀರು ಹಾಕಿಸ್ಕೊಳ್ಳೋ ಮದುವೆ ಗಂಡಿನ ಥರ ಕೈ ಚಾಚ್ಕೊಂಡ್ ನಿಂತ್ರಲ್ಲ?" ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡಳು. "ನಾನಿಲ್ಲಿ ಇಲ್ಲ ಅಂತ ಅಂದ್ಕೊಳ್ಳಿ."

ಬುನ್ಲೂಯೆ ತನ್ನ ಖಾಲಿ ಅಂಗೈಗಳನ್ನು ನೋಡಿಕೊಂಡ. ಆಮೇಲೆ ಬಾಟಲಿಯ ತಲೆಯನ್ನು ಮೊಣಕೈಯಿಂದ ಒತ್ತಿ, ಬೆರಳ ಸಂದುಗಳನ್ನೆಲ್ಲ ನಿಧಾನವಾಗಿ ಉಜ್ಜಿ, ಚೀಲವನ್ನು ಕೊಕ್ಕೆಗೆ ತೂಗುಹಾಕಿ ನಳಿಗೆ ಜೋಡಿಸಿದ. ಕೈ ಎಲ್ಲಿಯೂ ತಡವರಿಸಲಿಲ್ಲ.

"ಭೇಷ್! ಇನ್ನು ನಿಮ್ಮನ್ನ ಈ ಊರಿಂದ ಯಾರೂ ಅಲ್ಲಾಡ್ಸಂಗಿಲ್ಲ," ವಿಲಾವನ್ ಖುಷಿಯಿಂದ ಸ್ಕೂಟರಿನ ಕೀಲಿ ಕೈಗೆತ್ತಿಕೊಂಡಳು. "ನಾಳೆಯಿಂದ ನಾನು ಬರೋದೂ ಬೇಕಾಗಿಲ್ಲ."

ನೀರು ಹೊಟ್ಟೆಗೆ ಇಳಿಯತೊಡಗಿತ್ತು.

"ತಪ್ಪು ಮಾಡಿದ್ದಿದ್ರೆ," ಎಂದು ಅವನು ಮಾಸ್ಕಿನೊಳಗಿಂದಲೇ ಕೇಳಿದ, "ನಾಳೆನೂ ಬರ್ತಿದ್ಯಾ?"